ಹದಿನೇಳನೆಯ ಕಂಬ

ರಾತ್ರಿ ಹನ್ನೊಂದರ ಮೇಲೆ ನಮಗೆ ಅಪ್ಪಣೆ.
ಮನಾಮಾ ನಿದ್ದೆ ಬಂದಂತೆ ನಟಿಸುವ ಹೊತ್ತಿಗೆ
ವಜ್ರದ ಹರಳು ಪೋಣಿಸಿದ ತಂತಿಯನ್ನು
ಮೇಲ್ಸೇತುವೆಯ ಸೊಂಟಕ್ಕೆ ಸುತ್ತುತ್ತೇನೆ,
ಕೂಸಿಗೆ ಉಡದಾರ ಕಟ್ಟಿದ ಹಾಗೆ.
ನೀರು ಬಿಡುತ್ತಾರೆ. ಯಂತ್ರ ಎಳೆಯುತ್ತದೆ.
ಬೂದಿಬಣ್ಣದ ಗಂಜಿ ಬೂಟಿನೊಳಗೆ ಇಳಿಯುತ್ತದೆ.

ಇಳಕಲ್ಲಿನ ಖಣಿಯಲ್ಲಿ ನಮ್ಮಪ್ಪ
ಕೆಂಪು ಕಲ್ಲಿಗೆ ಕಿವಿ ಹಚ್ಚಿ ಹೇಳುತ್ತಿದ್ದ:
"ಇಲ್ಲಿ ಹೊಡಿ ಮಗನ, ಇಲ್ಲಿ ಅದು ತಾನಾ ಬಾಯಿ ಬಿಡತೈತಿ."
ಕಾಂಕ್ರೀಟಿಗೆ ಅಂಥ ಬಾಯಿಲ್ಲ.
ಎಲ್ಲಿ ಕೊಯ್ದರೂ ಒಂದೇ ಸದ್ದು,
ಅದೇ ಕಬ್ಬಿಣದ ಹಲ್ಲು.

ಈ ಸೇತುವೆಯ ಅಡಿಯೇ ನಮ್ಮ ಪೇಟೆ.
ಕಂಬಕ್ಕೊಂದು ಹಳದಿ ಅಂಕಿ.
"ಎಲ್ಲಿದ್ದಿ?" "ಹದಿನೇಳರಾಗ." ಅಷ್ಟು ಸಾಕು.
ಹನ್ನೆರಡರಲ್ಲಿ ಸಿಲ್ಹೆಟ್ಟಿನವನ ಕ್ಷೌರ, ಬಕೆಟ್ಟೇ ಕುರ್ಚಿ.
ಹದಿನಾಲ್ಕರಲ್ಲಿ ಮೊಯಿದ್ದೀನ್ ಬ್ಯಾರಿಯ ಕರಕ್ ಚಹಾ,
ಸಾಲದ ಲೆಕ್ಕ ಕಂಬದ ಮೇಲೇ, ಸೀಮೆಸುಣ್ಣದಲ್ಲಿ.
ಶುಕ್ರವಾರ ಹದಿನೇಳಕ್ಕೆ ಹಣೆ ಒತ್ತಿ
ಊರಿಗೆ ಫೋನು ಹಚ್ಚುವವರು ನಾವು.
ಮೇಲೆ ಲಾರಿ ಹೋದರೆ ಹೆಂಡತಿ ಕೇಳುತ್ತಿದ್ದಳು:
"ಅಲ್ಲಿ ಗುಡುಗತೈತೇನ್ರಿ?"
ಹೌದು ಅನ್ನುತ್ತಿದ್ದೆ,
ನಲವತ್ತೇಳು ಡಿಗ್ರಿಯಲ್ಲಿ.

ತಗಡಿನ ಬೇಲಿಯ ಮೇಲೆ ಮುಂದಿನ ಚಿತ್ರ ಅಂಟಿಸಿದ್ದಾರೆ:
ಸೇತುವೆ ಇಲ್ಲ. ನೆಲಕ್ಕೆ ಇಳಿದ ಅಗಲ ಬೀದಿ.
ನಡುವೆ ಬೇವು, ಖರ್ಜೂರ, ಕಾರಂಜಿ,
ಬಲೂನು ಹಿಡಿದ ಹುಡುಗಿ,
ಬೆವರೇ ಇಲ್ಲದ ಜನ.
ಮೊಯಿದ್ದೀನ್ ಕನ್ನಡಕ ಹಾಕಿಕೊಂಡು ಹುಡುಕಿದ.
ಚಹಾದಂಗಡಿ ಬಿಡಿಸುವುದು ಮರೆತಿದ್ದರು.

ಇಂಜಿನಿಯರ್ ಬದ್ರಿಯಾಗೆ ಇದನ್ನು ಹೇಳಿದೆ, ಹರಕು ಅರಬ್ಬಿಯಲ್ಲಿ.
ಅವಳು ಹೆಲ್ಮೆಟ್ಟು ತೆಗೆದಳು.
"ನನ್ನಜ್ಜಿಯ ಮನೆ ಆಚೆ, ಮೀನಿನ ಪೇಟೆ ಈಚೆ.
ಸೇತುವೆ ಬಂದ ಮೇಲೆ
ಇನ್ನೂರು ಹೆಜ್ಜೆಗೆ ಟ್ಯಾಕ್ಸಿ ಹಿಡಿದಳು ಅಜ್ಜಿ."
ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ,
ಯಾವ ಭಾಷೆಯಲ್ಲೂ.

ಹದಿನೇಳರ ತಲೆ ಇಳಿಸಿದ ರಾತ್ರಿ
ಎರಡು ತೊಲೆಗಳ ಸಂದಿನಲ್ಲಿ ಏನೋ ಕಂಡಿತು.
ಅಚ್ಚಿನ ಹಲಗೆಯ ಬಿರುಕಿಗೆ ಆ ಕಾಲದಲ್ಲಿ ಯಾರೋ
ಪತ್ರಿಕೆಯ ಹಾಳೆ ತುರುಕಿದ್ದಾನೆ. ಕಾಗದ ಹೋಗಿದೆ,
ಅಕ್ಷರಗಳು ಕಾಂಕ್ರೀಟಿಗೆ ಹತ್ತಿಕೊಂಡಿವೆ, ಹಿಂದುಮುಂದಾಗಿ.
ಟಾರ್ಚು ಹಿಡಿದೆ. ತಲೆಕಟ್ಟು, ಕೊಂಬು, ಸುರುಳಿ
ಅರೆ, ನಮ್ಮವು!
ಕ್ರೇನಿನ ಕನ್ನಡಿ ಕಳಚಿ ತಂದು ಓದಿದೆ:
ಗಲ್ಫಿನಲ್ಲಿ ಉದ್ಯೋಗದಲ್ಲಿರುವ ೨೯ರ ವರನಿಗೆ
ಅನುರೂಪ, ಗೃಹಕೃತ್ಯ ಬಲ್ಲ…
ಮುಂದಿನದನ್ನು ತುಕ್ಕು ತಿಂದಿದೆ.
ಸಿಕ್ಕಳೋ ಇಲ್ಲವೋ.
"ಯಾ ಮಹಾ, ಯಲ್ಲಾ!" ಫೋರ್‌ಮನ್ ಕೂಗಿದ,
ಮಹಾಗುಂಡಪ್ಪ ಅವನ ಬಾಯಲ್ಲಿ ಹಿಡಿಸುವುದಿಲ್ಲ.
ನಲವತ್ತು ಟನ್ನಿನ ವರ ಗಾಳಿಯಲ್ಲಿ ತುಸು ತೂಗಾಡಿ
ಲಾರಿಯಲ್ಲಿ ಕುಳಿತ.

ಈಗ ಬೀದಿ ತೆರೆದಿದೆ.
ಚಂದ ಇಲ್ಲ ಅಂದರೆ ನಾಲಿಗೆಗೆ ಹುಳ ಬಿದ್ದೀತು.
ಮೂರನೆಯ ಮಹಡಿಯ ಕಿಟಕಿಗಳು ಪರದೆ ಸರಿಸಿವೆ.
ಒಂದು ಸಂಜೆ ಗಾಲಿಕುರ್ಚಿಯ ಮುದುಕಿಯೊಬ್ಬಳು
ಮಡಿಲಲ್ಲಿ ಮೀನಿನ ಚೀಲ ಇಟ್ಟುಕೊಂಡು
ಹಸಿರು ದೀಪಕ್ಕೂ ಕಾಯದೆ ದಾಟಿದಳು.
ಬದ್ರಿಯಾಳ ಅಜ್ಜಿ ಎಂದೇ ನಂಬಿದ್ದೇನೆ, ಕೇಳಿಲ್ಲ.
ಮೊಯಿದ್ದೀನ್ ಮುಹರಕ್ಕಿಗೆ ಹೋದ.
ಲೆಕ್ಕ ಕಂಬದ ಜೊತೆ ಪುಡಿಯಾಯಿತು.
ನನ್ನದು ಆರು ದಿನಾರು ಬಾಕಿ ಅಂದರೆ
"ಯಾವ ಕಂಬ?" ಅಂತಾನೆ.

ಬೇವಿನ ಸಸಿಗಳಿಗೆ ಊರುಗೋಲು ಕಟ್ಟಿದ್ದಾರೆ.
ಒಂದೊಂದರ ನೆರಳು ಕರವಸ್ತ್ರದಷ್ಟು.
ಮಧ್ಯಾಹ್ನ ಮೂರಕ್ಕೆ, ಸಿಗ್ನಲ್ಲು ಕೆಂಪಾದಾಗ,
ದೀಪದ ಕಂಬದ್ದು ಒಂದು ಗೇಣಗಲ.
ಅದರೊಳಗೆ ನಾವು ಐದು ಜನ,
ಒಬ್ಬನ ಬೆನ್ನಿಗೆ ಒಬ್ಬ, ಭುಜ ಕಿರಿದು ಮಾಡಿ.
ಫೋನು ಬಡಿಯುತ್ತದೆ.
"ಈಗೀಗ ಗುಡುಗೇ ಕೇಳೂದಿಲ್ಲಲ್ರಿ?"
ಇಲ್ಲ ಅನ್ನುತ್ತೇನೆ.
ನೆರಳು ಸರಿಯುತ್ತದೆ;
ಐವರೂ ಅರ್ಧ ಹೆಜ್ಜೆ.